ನಾಯಿ ಬೊಗಳಿದ ರಾತ್ರಿ

ಹೈದರಾಬಾದಿನ ಗೋಲ್ಕೊಂಡ ಕೋಟೆಗೆ ಹೋದವರು ಒಮ್ಮೆಯಾದರೂ ಚಪ್ಪಾಳೆ ತಟ್ಟದೆ ಬರುವುದಿಲ್ಲ. ಪ್ರವೇಶದ್ವಾರದ ಗುಮ್ಮಟದ ಕೆಳಗೆ ನಿಂತು ಗೈಡ್ ಚಪ್ಪಾಳೆ ತಟ್ಟಿದರೆ, ಸುಮಾರು ಒಂದು ಕಿಲೋಮೀಟರ್ ಆಚೆ, ಗುಡ್ಡದ ತುದಿಯ ಬಾಲಾ ಹಿಸ್ಸಾರ್ ಮಂಟಪದಲ್ಲಿರುವವರಿಗೆ ಅದು ಕೇಳಿಸುತ್ತದೆ. ಬಾಗಿಲಿಗೆ ಬಂದವರ ಸುದ್ದಿ ಮೇಲಕ್ಕೆ ಮುಟ್ಟಿಸಲು ಕುತುಬ್‌ಶಾಹಿಗಳು ಮಾಡಿಕೊಂಡಿದ್ದ ಏರ್ಪಾಡು ಇದು ಎಂದು ಗೈಡ್‌ಗಳು ಹೇಳುತ್ತಾರೆ. ಇವತ್ತು ಬೆಳಗಿನಿಂದ ಸಂಜೆಯವರೆಗೆ ಪ್ರವಾಸಿಗರ ಚಪ್ಪಾಳೆ ನಿಲ್ಲುವುದೇ ಇಲ್ಲ. ಮೇಲಿರುವ ಯಾರೂ ಅದನ್ನು ಕೇಳಿ ಬೆಚ್ಚುವುದೂ ಇಲ್ಲ. ಸದ್ದು ಉಳಿದಿದೆ, ಅದರ ಅರ್ಥ ಹೋಗಿದೆ.

ಮನೆಗೆ ಹಾಕಿಸುವ ಕಳ್ಳರ ಅಲಾರಂ ಕೂಡ ಕೆಡುವುದು ಹೆಚ್ಚಾಗಿ ಹೀಗೆಯೇ. ತಂತಿ ತುಂಡಾಗುವುದಕ್ಕಿಂತ ಮೊದಲು ಕೇಳುವವರ ನಂಬಿಕೆ ತುಂಡಾಗಿರುತ್ತದೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆಯಲ್ಲಿ ತೋಳ ಕೊನೆಗೆ ನಿಜವಾಗಿಯೇ ಬಂದಿತ್ತು. ಬರದೇ ಹೋದದ್ದು ಊರವರು.

ಹುಸಿ ಎಚ್ಚರಿಕೆಗೂ ನಿಜವಾದ ಎಚ್ಚರಿಕೆಗೂ ಇರುವ ಅಂತರವನ್ನು ಗೋಲ್ಕೊಂಡ ಒಂದೇ ರಾತ್ರಿಯಲ್ಲಿ ಕಂಡಿತು. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬ್, 1687ರ ಆರಂಭದಲ್ಲಿ ಗೋಲ್ಕೊಂಡಕ್ಕೆ ಮುತ್ತಿಗೆ ಹಾಕಿದ. ಒಳಗಿದ್ದವನು ಕುತುಬ್‌ಶಾಹಿಗಳ ಕೊನೆಯ ಸುಲ್ತಾನ, ತಾನಾಶಾ ಎಂದು ಹೆಸರಾದ ಅಬುಲ್ ಹಸನ್. ತಿಂಗಳುಗಳು ಕಳೆದರೂ ಕೋಟೆ ಜಗ್ಗಲಿಲ್ಲ. ಮೇ ತಿಂಗಳ ಒಂದು ರಾತ್ರಿ ಮೊಘಲ್ ಸೇನಾಪತಿ ಫಿರೋಜ್ ಜಂಗ್, ಸದ್ದಿಲ್ಲದೆ ಏಣಿ ಹಾಕಿಸಿ ತನ್ನ ಕೆಲವು ಸೈನಿಕರನ್ನು ಗೋಡೆ ಹತ್ತಿಸಿದ.

ಮುಂದಿನದನ್ನು ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ಗೋಡೆಯ ಮೇಲೆ ಒಂದು ಬೀದಿನಾಯಿ ಇತ್ತು. ಕೆಳಗೆ ಬಿದ್ದಿದ್ದ ಹೆಣಗಳ ಆಸೆಗೆ ಅದು ಅಲ್ಲಿ ಸುಳಿದಾಡುತ್ತಿತ್ತು. ಕತ್ತಲಲ್ಲಿ ಮೇಲೆದ್ದು ಬಂದ ಅಪರಿಚಿತರನ್ನು ಕಂಡು ಬೊಗಳತೊಡಗಿತು. ಕಾವಲಿನವರು ಎದ್ದು ಓಡಿಬಂದರು, ಹತ್ತಿದವರನ್ನು ಉರುಳಿಸಿದರು, ಏಣಿಯನ್ನು ಕಡಿದರು.

ಅದೇ ಹೊತ್ತಿಗೆ ಮೊಘಲ್ ಪಾಳೆಯದಲ್ಲಿ ಬೇರೊಂದು ಸುದ್ದಿ ಓಡುತ್ತಿತ್ತು. ಹಾಜಿ ಮೆಹ್ರಾಬ್ ಎಂಬ ಪರಿಚಾರಕ, ಮೊದಲ ಕೆಲವರು ಗೋಡೆ ಹತ್ತಿದ್ದನ್ನು ಕಂಡದ್ದೇ ತಡ, ಬಾದಶಹನ ಬಳಿಗೆ ಓಡಿ ಗೆಲುವಿನ ಶುಭಾಶಯ ಹೇಳಿಬಿಟ್ಟ. ಔರಂಗಜೇಬ್ ವಿಜಯದ ನಗಾರಿ ಬಾರಿಸಲು ಅಪ್ಪಣೆ ಕೊಟ್ಟು, ಸವಾರಿಯ ಸಿದ್ಧತೆಗೂ ಹೇಳಿದ. ನಗಾರಿ ಮೊಳಗಿತು. ಕೋಟೆ ಮಾತ್ರ ಬಿದ್ದಿರಲಿಲ್ಲ.

ಒಂದು ಬೀದಿನಾಯಿ, ಒಬ್ಬ ಆಸ್ಥಾನದ ಪರಿಚಾರಕ. ಇಬ್ಬರೂ ಕಂಡದ್ದು ಅದೇ ಏಣಿಯನ್ನು. ನಾಯಿಗಳು ರಾತ್ರಿ ಸುಮ್ಮಸುಮ್ಮನೆ ಬೊಗಳುವುದು ಯಾವ ಊರಿನಲ್ಲೂ ಹೊಸದಲ್ಲ. ಅದನ್ನು ನಿಜವಾದ ಎಚ್ಚರಿಕೆ ಮಾಡಿದವರು ಎದ್ದು ಬಂದು ನೋಡಿದ ಕಾವಲಿನವರು. ಹಾಜಿಯ ಮಾತಿಗೆ ಅಂಥ ಎರಡನೆಯ ಕಣ್ಣು ಇರಲಿಲ್ಲ. ಅವನು ಅರ್ಧ ಕಂಡು ಪೂರ್ತಿ ಹೇಳಿದ, ಕೇಳಿದವನು ಕಾಯದೆ ನಗಾರಿ ಬಾರಿಸಿದ.

ಮನೆಗೆ ವಿದ್ಯುತ್ ಅಲಾರಂ ಬಂದದ್ದು ಇದಾಗಿ ಒಂದೂವರೆ ಶತಮಾನ ಕಳೆದ ಮೇಲೆ. ಅಮೆರಿಕದ ಅಗಸ್ಟಸ್ ಪೋಪ್ 1853ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಾಗಿಲೋ ಕಿಟಕಿಯೋ ತೆರೆದರೆ ವಿದ್ಯುತ್ತಿನ ಸುತ್ತು ಕೂಡಿಕೊಂಡು ಗಂಟೆ ಬಡಿಯುತ್ತಿತ್ತು. ಅದರ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದ. ಆ ಗಂಟೆಗೆ ಒಂದು ಹುಟ್ಟು ಕೊರತೆ ಇತ್ತು: ಕಿಟಕಿ ತೆರೆದವನು ಕಳ್ಳನೋ ಯಜಮಾನನೋ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಇಂದಿನ ಅಲಾರಂಗೂ ಮೂಲತಃ ತಿಳಿಯದು. ಅಮೆರಿಕದಲ್ಲಿ ಪೊಲೀಸರಿಗೆ ಬರುವ ಇಂಥ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಸಿ. ಬೇಸತ್ತ ಸಾಲ್ಟ್ ಲೇಕ್ ಸಿಟಿ 2000ದ ಕೊನೆಯಲ್ಲಿ ನಿಯಮವನ್ನೇ ಬದಲಿಸಿತು. ಕಳ್ಳತನದ ಅಲಾರಂ ಬಡಿದರೆ ಮೊದಲು ಖಾಸಗಿ ಕಾವಲಿನವರೋ ಬೇರೆ ಯಾರೋ ಸ್ಥಳದಲ್ಲಿ ನೋಡಿ ಖಚಿತಪಡಿಸಬೇಕು, ಆಮೇಲೆ ಪೊಲೀಸರು ಬರುತ್ತಾರೆ. ಗೋಲ್ಕೊಂಡದ ಕಾವಲಿನವರು ಆ ರಾತ್ರಿ ಮಾಡಿದ್ದೂ ಇದನ್ನೇ.

ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಇಂದು ಗೋಡೆಯ ಮೂಲೆಯಲ್ಲಿ ಮಿನುಗುವ ಇನ್‌ಫ್ರಾರೆಡ್ ಸೆನ್ಸರ್ ಕದಲುವ ಶಾಖವನ್ನು ಗುರುತಿಸುತ್ತದೆ. ಕಿಟಕಿಯಿಂದ ಬೀಳುವ ಬಿಸಿಲು, ಬೆಕ್ಕು, ಗಾಳಿಗೆ ಅಲುಗುವ ಪರದೆ ಅದನ್ನು ಮೋಸಗೊಳಿಸಬಲ್ಲವು. ಸೆನ್ಸರಿನ ಮಸೂರದ ಮೇಲೇ ಹಲ್ಲಿ ಹರಿದರೆ ಅದು ಮನುಷ್ಯನಷ್ಟು ದೊಡ್ಡದಾಗಿ ಕಂಡೀತು. ಹಾಗಾಗಿ ಸೆನ್ಸರನ್ನು ಕಿಟಕಿಗೆ, ಎ.ಸಿ.ಗೆ ಎದುರಾಗಿ ಇಡಬಾರದು, ಆಗಾಗ ಧೂಳು ಒರೆಸಬೇಕು, ಬ್ಯಾಟರಿ ಬದಲಿಸಬೇಕು. ಇನ್‌ಫ್ರಾರೆಡ್ ಮತ್ತು ಮೈಕ್ರೋವೇವ್ ಎರಡೂ ಹೌದೆಂದರೆ ಮಾತ್ರ ಕೂಗುವ ಸೆನ್ಸರುಗಳೂ ಇವೆ. ಒಂದು ಕಣ್ಣನ್ನು ನಂಬದೆ ಇನ್ನೊಂದನ್ನು ಕೇಳುವ ಹಳೆಯ ಜಾಣತನವೇ ಅದು.

ಆದರೆ ಅಲಾರಂ ಸುಮ್ಮನೆ ಬಡಿದುಕೊಳ್ಳಲು ಯಂತ್ರಕ್ಕಿಂತ ಮನೆಯವರೇ ಹೆಚ್ಚಾಗಿ ಕಾರಣ. ಬೆಳಗ್ಗೆ ಕೆಲಸಕ್ಕೆ ಬರುವ ಅಮ್ಮನಿಗೆ ಕೋಡ್ ಹೇಳಿರುವುದಿಲ್ಲ. ಊರಿಂದ ಬಂದ ಅಜ್ಜ ನಡುರಾತ್ರಿ ನೀರು ಕುಡಿಯಲು ಏಳುತ್ತಾರೆ. ಬಾಗಿಲು ಸರಿಯಾಗಿ ಹಾಕದೆ ಯಾರೋ ಹೊರಡುತ್ತಾರೆ. ಯಾರಿಗೆ ಯಾವ ಕೋಡ್, ಒಳಬಂದ ಮೇಲೆ ಅದನ್ನು ಒತ್ತಲು ಎಷ್ಟು ಸೆಕೆಂಡ್, ಅಲಾರಂ ಬಡಿದರೆ ಮೊದಲ ಫೋನ್ ಯಾರಿಗೆ, ಬಂದು ನೋಡುವ ನೆರೆಯವರು ಯಾರು ಎಂಬುದನ್ನು ಮನೆಮಂದಿ ಒಮ್ಮೆ ಕೂತು ಮಾತಾಡಿಕೊಂಡರೆ ಅರ್ಧ ತೊಂದರೆ ತೀರುತ್ತದೆ. ಇಲ್ಲವಾದರೆ ಮೂರನೆಯ ಸಲಕ್ಕೆ ಎದುರುಮನೆಯವರು ಕಿಟಕಿ ಹಾಕಿಕೊಂಡು ಮಲಗುತ್ತಾರೆ. ನಾಲ್ಕನೆಯ ಸಲ ನಿಜವಾಗಿ ಕಳ್ಳ ಬಂದಿರಬಹುದು.

ತಾನಾಶಾ ಆ ನಾಯಿಗೆ ಚಿನ್ನದ ಕೊರಳಪಟ್ಟಿ ಹಾಕಿಸಿ, ಬೆಲೆಬಾಳುವ ಸರಪಳಿಯಲ್ಲಿ ತನ್ನ ಹತ್ತಿರವೇ ಕಟ್ಟಿಸಿದನೆಂದು ಗೂಢಚಾರರು ಮರುದಿನ ಮೊಘಲ್ ಪಾಳೆಯಕ್ಕೆ ಸುದ್ದಿ ತಂದರು. ಮರ್ಯಾದೆ ದೊಡ್ಡದೇ. ಸರಪಳಿಯಲ್ಲಿರುವ ನಾಯಿ ಗೋಡೆಯ ಮೇಲೆ ಸುಳಿದಾಡಲಾರದು, ಅಷ್ಟೆ.

ಎಂಟು ತಿಂಗಳ ಮುತ್ತಿಗೆ ಮುಗಿದದ್ದು ಸೆಪ್ಟೆಂಬರ್ 21ರಂದು. ಆ ರಾತ್ರಿ ಯಾರೂ ಗೋಡೆ ಹತ್ತಬೇಕಾಗಲಿಲ್ಲ. ಹಣಕ್ಕೆ ಮಾರಿಕೊಂಡಿದ್ದ ಅಬ್ದುಲ್ಲಾ ಖಾನ್ ಪನ್ನಿ ಎಂಬ ಸರದಾರ ಒಳಗಿನಿಂದ ಬಾಗಿಲು ತೆರೆದ. ಗದ್ದಲ ಕೇಳಿ ಅಬ್ದುಲ್ ರಜಾಕ್ ಲಾರಿ ಕುದುರೆ ಏರಿ ನುಗ್ಗಿ, ಮೈತುಂಬ ಗಾಯವಾಗಿ ಬೀಳುವವರೆಗೂ ಕಾದಾಡಿದ. ತಾನಾಶಾ ಸೆರೆಯಾಗಿ ದೌಲತಾಬಾದಿಗೆ ಹೋದ. ಎಚ್ಚರದಿಂದ ಕಾಯಬೇಕಾದ ಬಾಗಿಲಲ್ಲೇ ಬಾಗಿಲು ತೆರೆಯುವವನು ನಿಂತಿದ್ದ. ಕೋಡ್ ಯಾರಿಗೆ ಕೊಟ್ಟಿದ್ದೇವೆ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗಲೆಲ್ಲ ಆ ಬಾಗಿಲು ನೆನಪಿಗೆ ಬಂದರೆ ಒಳ್ಳೆಯದು.