ಶುಗರ್ ಸ್ಟ್ರಿಪ್: ಮುದ್ರಣದಿಂದ ಹುಟ್ಟಿದ ಸೆನ್ಸರ್

ಎಲೆಕ್ಟ್ರಾನಿಕ್ಸ್ ಅಂದರೆ ಗಟ್ಟಿ ಚಿಪ್, ಹಸಿರು ಬೋರ್ಡ್ ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ವಿದ್ಯುತ್ ಹರಿಸುವ ಶಾಯಿಯಿಂದ ಸರ್ಕ್ಯೂಟನ್ನೇ ಮುದ್ರಿಸಬಹುದು. ಇದೇ ಮುದ್ರಿತ ಎಲೆಕ್ಟ್ರಾನಿಕ್ಸ್. ಇದರ ಪರಿಚಿತ ಉದಾಹರಣೆ ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲೇ ಇದೆ: ಶುಗರ್ ಟೆಸ್ಟ್ ಸ್ಟ್ರಿಪ್.

ತಯಾರಿ ಹೇಗೆ?

ಮದುವೆ ಕಾರ್ಡಿಗೆ ಬಳಸುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನವೇ ಹಲವು ಸ್ಟ್ರಿಪ್‌ಗಳಿಗೂ ಬಳಕೆಯಾಗುತ್ತದೆ. ಬಣ್ಣದ ಬದಲು ಇಂಗಾಲ ಮತ್ತು ಬೆಳ್ಳಿಯ ಕಣಗಳಿರುವ ಶಾಯಿ ಹಾಕುತ್ತಾರೆ. ಹೀಗೆ ಮೂಡಿದ ಗೆರೆಗಳೇ ಎಲೆಕ್ಟ್ರೋಡ್‌ಗಳು. ಅವುಗಳ ಮೇಲೆ ಗ್ಲೂಕೋಸ್ ಜೊತೆ ಪ್ರತಿಕ್ರಿಯಿಸುವ ಎಂಜೈಮ್ ಲೇಪಿಸುತ್ತಾರೆ. ರಕ್ತದ ಹನಿ ತಾಗಿದಾಗ ಎಂಜೈಮ್ ಗ್ಲೂಕೋಸ್‌ನಿಂದ ಎಲೆಕ್ಟ್ರಾನ್‌ಗಳನ್ನು ತೆಗೆಯುತ್ತದೆ. ಮಧ್ಯವರ್ತಿ ರಾಸಾಯನಿಕವೊಂದು ಅವನ್ನು ಎಲೆಕ್ಟ್ರೋಡ್‌ಗೆ ತಲುಪಿಸುತ್ತದೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ಕರೆಂಟ್ ಹೆಚ್ಚು. ಮೀಟರ್ ಆ ಕರೆಂಟನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ.

ಬೆಳೆದು ಬಂದ ದಾರಿ

ಎಂಜೈಮ್ ಬಳಸಿ ಗ್ಲೂಕೋಸ್ ಅಳೆಯುವ ಎಲೆಕ್ಟ್ರೋಡ್‌ನ ಕಲ್ಪನೆಯನ್ನು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ಮುಂದಿಟ್ಟರು. 1984ರಲ್ಲಿ ಬ್ರಿಟನ್ನಿನ ಸಂಶೋಧಕರು ಫೆರೋಸೀನ್ ಎಂಬ ವಸ್ತುವನ್ನು ಮಧ್ಯವರ್ತಿಯಾಗಿ ಬಳಸಿದರು. ಆ ಸಂಶೋಧನೆಯ ಫಲವಾಗಿ 1987ರಲ್ಲಿ ಮೆಡಿಸೆನ್ಸ್ ಕಂಪೆನಿಯ ಪೆನ್ನಿನಾಕಾರದ ಎಕ್ಸಾಕ್‌ಟೆಕ್ ಮೀಟರ್ ಮಾರುಕಟ್ಟೆಗೆ ಬಂತು. ಮುದ್ರಣದಿಂದ ಒಮ್ಮೆಲೇ ಭಾರೀ ಸಂಖ್ಯೆಯಲ್ಲಿ ತಯಾರಿಸಲು ಸಾಧ್ಯವಾದ್ದರಿಂದಲೇ, ಒಮ್ಮೆ ಬಳಸಿ ಬಿಸಾಡುವ ಸೆನ್ಸರ್ ಜನರ ಕೈಗೆಟುಕಿತು. ಈಗಿನ ಹಲವು ಸ್ಟ್ರಿಪ್‌ಗಳಿಗೆ 1 ಮೈಕ್ರೋಲೀಟರ್‌ಗಿಂತ ಕಡಿಮೆ ರಕ್ತ ಸಾಕು.

ಮುಂದೇನು?

2016ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರು ಬೆವರಿನ ಗ್ಲೂಕೋಸ್, ಲ್ಯಾಕ್ಟೇಟ್, ಸೋಡಿಯಂ, ಪೊಟ್ಯಾಸಿಯಂ ಅಳೆಯುವ, ಮೈಗೆ ಒಪ್ಪುವಂತೆ ಬಾಗುವ ಸೆನ್ಸರ್ ಪಟ್ಟಿಯನ್ನು ತೋರಿಸಿದರು. 2018ರಲ್ಲಿ ಪತ್ರಿಕೆ ಅಚ್ಚು ಹಾಕುವಂತೆ ಸುರುಳಿಯಿಂದ ಸುರುಳಿಗೆ ಇಂಥ ಎಲೆಕ್ಟ್ರೋಡ್‌ಗಳನ್ನು ಮುದ್ರಿಸಿದರು. ಆದರೆ ಬೆವರಿನಲ್ಲಿ ಗ್ಲೂಕೋಸ್ ರಕ್ತಕ್ಕಿಂತ ತುಂಬಾ ಕಡಿಮೆ. ಹಾಗಾಗಿ ಇದು ರಕ್ತ ಪರೀಕ್ಷೆಗೆ ಬದಲಿಯಲ್ಲ. ಭಾರತದಲ್ಲಿ ಬಾಗುವ ಎಲೆಕ್ಟ್ರಾನಿಕ್ಸ್ ಸಂಶೋಧನೆಗೆಂದೇ ಐಐಟಿ ಕಾನ್ಪುರದಲ್ಲಿ ರಾಷ್ಟ್ರೀಯ ಕೇಂದ್ರವಿದೆ.

ಬಳಸುವವರ ಗಮನಕ್ಕೆ

ಸ್ಟ್ರಿಪ್ ಬರೀ ಪ್ಲಾಸ್ಟಿಕ್ ತುಂಡಲ್ಲ. ಅದರ ಎಂಜೈಮ್ ತೇವ ಮತ್ತು ಬಿಸಿಗೆ ಕೆಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅಂಕಿ ತಪ್ಪಬಹುದು. ತಪ್ಪು ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಬೇಕು, ಅವಧಿ ಮುಗಿದದ್ದನ್ನು ಬಳಸಬಾರದು. ಮಾವು, ಹಲಸು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದು ಒಣಗಿಸಿದ ಮೇಲೆಯೇ ಬೆರಳು ಚುಚ್ಚಬೇಕು. ಬೆರಳಿಗಂಟಿದ ಹಣ್ಣಿನ ಸಕ್ಕರೆಯೂ ಮೀಟರಿನ ಲೆಕ್ಕಕ್ಕೆ ಸೇರುತ್ತದೆ. ಅಂಕಿಗೂ ಮೈಯ ಸ್ಥಿತಿಗೂ ತಾಳೆಯಾಗದಿದ್ದರೆ ಹೊಸ ಸ್ಟ್ರಿಪ್‌ನಲ್ಲಿ ಮತ್ತೊಮ್ಮೆ ನೋಡಿ, ತಡಮಾಡದೆ ವೈದ್ಯರನ್ನು ಕೇಳುವುದು ಒಳ್ಳೆಯದು.