ಸೈಕಲ್ ಗ್ರೀಸ್

ಸೈಕಲ್ ಗ್ರೀಸ್ ಎಂಬುದು ಸೈಕಲ್ಲಿನ ಬೇರಿಂಗುಗಳಿಗೆ, ತಿರುಪುಗಳಿಗೆ ಹಾಗೂ ಲೋಹದ ಜೋಡಣೆಗಳಿಗೆ ಹಚ್ಚುವ ಅರೆಘನ ರೂಪದ ಕೀಲೆಣ್ಣೆ. ಇದು ಘರ್ಷಣೆಯನ್ನು ತಗ್ಗಿಸುವುದಲ್ಲದೆ ನೀರು, ಉಪ್ಪು ಮತ್ತು ಧೂಳು ಒಳಗೆ ಪ್ರವೇಶಿಸದಂತೆ ತಡೆಯೊಡ್ಡುತ್ತದೆ. ತೆಳುವಾದ ಎಣ್ಣೆಯಂತೆ ಹರಿದುಹೋಗದೆ ಹಚ್ಚಿದ ಸ್ಥಳದಲ್ಲಿಯೇ ನಿಲ್ಲುವುದು ಗ್ರೀಸಿನ ಮುಖ್ಯ ಗುಣ.

ಮಾರುಕಟ್ಟೆಯಲ್ಲಿ ದೊರೆಯುವ ಗ್ರೀಸುಗಳೆಲ್ಲವೂ ಎಲ್ಲ ಕೆಲಸಗಳಿಗೂ ಒಪ್ಪುವುದಿಲ್ಲ. ಸೈಕಲ್ಲಿಗೆ ಗ್ರೀಸನ್ನು ಆಯ್ದುಕೊಳ್ಳುವಾಗ ಅದು ತಾಳಬಲ್ಲ ಉಷ್ಣತೆಗಿಂತ ಅದರ ಜಲನಿರೋಧಕ ಗುಣವೇ ಮುಖ್ಯ. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಂತಹ ಕರಾವಳಿ ಪ್ರದೇಶಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಹೆಸರು ಮತ್ತು ಹಿನ್ನೆಲೆ

ಗಾಡಿಯ ಅಚ್ಚಿಗೂ ಯಂತ್ರದ ಕೀಲುಗಳಿಗೂ ಹಾಕುವ ಎಣ್ಣೆಗೆ ಕನ್ನಡದಲ್ಲಿ ಕೀಲೆಣ್ಣೆ ಎಂಬ ಪದವಿದೆ. ಎತ್ತಿನ ಗಾಡಿಗಳ ಕಾಲದಲ್ಲಿ ಈ ಕೆಲಸಕ್ಕೆ ಹರಳೆಣ್ಣೆಯನ್ನು ಬಳಸುತ್ತಿದ್ದರು. ಸೈಕಲ್ ಮತ್ತು ಮೋಟಾರು ವಾಹನಗಳು ಬಂದ ಮೇಲೆ ಗ್ರೀಸ್ ಎಂಬ ಪದವೇ ಬಳಕೆಯಲ್ಲಿ ನಿಂತಿತು. ಆದರೂ ಹರಳಿನ ಸಂಬಂಧ ಪೂರ್ತಿ ಕಡಿದುಹೋಗಿಲ್ಲ. ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಲಿಥಿಯಂ ಗ್ರೀಸಿನ ತಯಾರಿಕೆಗೆ ಬೇಕಾದ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲವನ್ನು ಹರಳೆಣ್ಣೆಯಿಂದಲೇ ಪಡೆಯುತ್ತಾರೆ. ಹರಳಿನ ಉತ್ಪಾದನೆಯಲ್ಲಿ ಭಾರತವು ಜಗತ್ತಿನಲ್ಲಿ ಮೊದಲ ಸ್ಥಾನದಲ್ಲಿದೆ.

ರಚನೆ

ಗ್ರೀಸಿನಲ್ಲಿ ಮೂರು ಅಂಶಗಳಿರುತ್ತವೆ. ಮೊದಲನೆಯದು ಮೂಲ ಎಣ್ಣೆ. ಇದು ಸಾಮಾನ್ಯವಾಗಿ ಶೇ. 70ರಿಂದ 90ರಷ್ಟಿರುತ್ತದೆ. ಎರಡನೆಯದು ಎಣ್ಣೆಯನ್ನು ಹಿಡಿದಿಡುವ ಗಟ್ಟಿಕಾರಕ; ಬಹುತೇಕ ಗ್ರೀಸುಗಳಲ್ಲಿ ಇದು ಒಂದು ಬಗೆಯ ಲೋಹದ ಸಾಬೂನು. ಮೂರನೆಯದು ತುಕ್ಕು, ಸವೆತ ಮತ್ತು ಉತ್ಕರ್ಷಣವನ್ನು ತಡೆಯುವ ಪೂರಕಗಳು. ನೀರನ್ನು ಹೀರಿಕೊಂಡ ಸ್ಪಂಜಿಗೆ ಗ್ರೀಸನ್ನು ಹೋಲಿಸಬಹುದು. ಸಾಬೂನಿನ ಎಳೆಗಳು ಸ್ಪಂಜಿನಂತೆ ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಒತ್ತಡ ಬಿದ್ದಾಗ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತವೆ.

ವಿಧಗಳು

ಗಟ್ಟಿಕಾರಕದ ಆಧಾರದ ಮೇಲೆ ಗ್ರೀಸುಗಳನ್ನು ಹೀಗೆ ವಿಂಗಡಿಸಬಹುದು:

• ಕ್ಯಾಲ್ಸಿಯಂ ಗ್ರೀಸ್: ಸುಣ್ಣದಿಂದ ತಯಾರಾಗುವ ಹಳೆಯ ಬಗೆ. ನೀರನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಕಡಿಮೆ. ಹೆಚ್ಚಿನ ಉಷ್ಣತೆಯನ್ನು ತಾಳಲಾರದು. ಸೈಕಲ್ಲಿಗೆ ಅದು ಕೊರತೆಯಲ್ಲ.
• ಸೋಡಿಯಂ ಗ್ರೀಸ್: ಉಷ್ಣತೆಯನ್ನು ತಾಳುತ್ತದೆ, ಆದರೆ ನೀರಿನಲ್ಲಿ ಕರಗುತ್ತದೆ. ಮಳೆಗೆ ಒಡ್ಡಿಕೊಳ್ಳುವ ಸೈಕಲ್ಲಿಗೆ ಇದು ಸಲ್ಲದು.
• ಲಿಥಿಯಂ ಗ್ರೀಸ್: ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ಬಗೆ. ಉಷ್ಣತೆ ಮತ್ತು ನೀರು ಎರಡನ್ನೂ ಸಾಕಷ್ಟು ಮಟ್ಟಿಗೆ ತಡೆಯುವುದರಿಂದ ಬಹೂಪಯೋಗಿ ಎನಿಸಿದೆ. ಭಾರತದ ಅಂಗಡಿಗಳಲ್ಲಿ ಎಂ.ಪಿ. ಗ್ರೀಸ್, ಎ.ಪಿ. ಗ್ರೀಸ್ ಎಂಬ ಹೆಸರಿನಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಈ ಬಗೆಯವು.
• ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್: ಉಪ್ಪುನೀರಿನಲ್ಲಿಯೂ ತುಕ್ಕನ್ನು ಸಮರ್ಥವಾಗಿ ತಡೆಯುತ್ತದೆ. ಹಡಗು ಮತ್ತು ದೋಣಿಗಳಿಗಾಗಿ ಮಾರುವ ಮೆರೈನ್ ಗ್ರೀಸುಗಳಲ್ಲಿ ಹಲವು ಈ ಬಗೆಯವು. ಬೆಲೆ ಹೆಚ್ಚು.
• ಪಾಲಿಯೂರಿಯಾ ಗ್ರೀಸ್: ಸಾಬೂನಿಲ್ಲದ ಬಗೆ. ಮುಚ್ಚಿದ ಬೇರಿಂಗುಗಳಲ್ಲಿ ಕಾರ್ಖಾನೆಯಲ್ಲಿಯೇ ತುಂಬಿರುತ್ತಾರೆ.

ಬೇರೆ ಬೇರೆ ಬಗೆಯ ಗ್ರೀಸುಗಳನ್ನು ಬೆರೆಸುವುದು ಸೂಕ್ತವಲ್ಲ. ಹೊಂದಿಕೆಯಾಗದ ಎರಡು ಗಟ್ಟಿಕಾರಕಗಳು ಸೇರಿದಾಗ ಮಿಶ್ರಣವು ತೆಳುವಾಗಿ ಎಣ್ಣೆ ಸೋರಬಹುದು ಅಥವಾ ಗಟ್ಟಿಯಾಗಬಹುದು. ಗ್ರೀಸಿನ ಬಣ್ಣವನ್ನು ನೋಡಿ ಅದರ ಬಗೆಯನ್ನು ನಿರ್ಧರಿಸಲಾಗದು. ಹಸಿರು, ಕೆಂಪು, ನೀಲಿ ಬಣ್ಣಗಳು ತಯಾರಕರು ಸೇರಿಸುವ ವರ್ಣದ್ರವ್ಯಗಳಷ್ಟೆ.

ಗಡಸುತನದ ದರ್ಜೆ

ಗ್ರೀಸಿನ ಗಡಸುತನವನ್ನು 1933ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಲೂಬ್ರಿಕೇಟಿಂಗ್ ಗ್ರೀಸ್ ಇನ್‌ಸ್ಟಿಟ್ಯೂಟಿನ ದರ್ಜೆಗಳಿಂದ ಗುರುತಿಸುತ್ತಾರೆ. ಡಬ್ಬಿಯ ಮೇಲೆ ಇದನ್ನು ಎನ್.ಎಲ್.ಜಿ.ಐ. ಎಂದು ನಮೂದಿಸಿರುತ್ತಾರೆ. 000 ದರ್ಜೆಯ ಗ್ರೀಸ್ ಬಹುಮಟ್ಟಿಗೆ ದ್ರವರೂಪದ್ದು; 6ನೆಯ ದರ್ಜೆಯದು ಸಾಬೂನಿನ ಗಟ್ಟಿಯಂತಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿಗದಿತ ತೂಕದ ಶಂಕುವೊಂದು ಗ್ರೀಸಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಅಳೆದು ದರ್ಜೆಯನ್ನು ನಿಶ್ಚಯಿಸುತ್ತಾರೆ. 2ನೆಯ ದರ್ಜೆಯಲ್ಲಿ ಈ ಆಳ 26.5ರಿಂದ 29.5 ಮಿ.ಮೀ., 3ನೆಯ ದರ್ಜೆಯಲ್ಲಿ 22ರಿಂದ 25 ಮಿ.ಮೀ. ಇರುತ್ತದೆ. ಸೈಕಲ್ಲಿಗೆ ಸಾಮಾನ್ಯವಾಗಿ 2ನೆಯ ದರ್ಜೆ ಸೂಕ್ತ. ಕರಾವಳಿಯ ಸೆಕೆಯಲ್ಲಿ 3ನೆಯ ದರ್ಜೆಯನ್ನೂ ತೊಂದರೆಯಿಲ್ಲದೆ ಬಳಸಬಹುದು.

ಕರಾವಳಿಯ ಸನ್ನಿವೇಶ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿಯುತ್ತದೆ. ಕುಂದಾಪುರ ಪಟ್ಟಣವು ಪಂಚಗಂಗಾವಳಿಯ ಹಿನ್ನೀರು ಮತ್ತು ಸಮುದ್ರದ ಸಮೀಪದಲ್ಲಿದೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಕಿರಿದಾದ ನೆಲಪಟ್ಟಿಯ ಮೇಲೆ ಸಾಗುತ್ತದೆ. ಇಂತಹ ಸ್ಥಳಗಳಲ್ಲಿ ಗಾಳಿಯೊಡನೆ ಬರುವ ಉಪ್ಪಿನ ಸೂಕ್ಷ್ಮ ಕಣಗಳು ಲೋಹದ ಮೇಲೆ ಕುಳಿತು ತೇವವನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಮಳೆ ಇಲ್ಲದ ದಿನಗಳಲ್ಲಿಯೂ ತುಕ್ಕು ಹಿಡಿಯುವ ಕ್ರಿಯೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಒಳದಾರಿಗಳ ಮುರಕಲ್ಲಿನ ಕೆಂಪು ಧೂಳು ಬೇರಿಂಗಿನ ಜಿಡ್ಡಿಗೆ ಅಂಟಿ ಉಜ್ಜುಕಾಗದದಂತೆ ಲೋಹವನ್ನು ಸವೆಸುತ್ತದೆ.

ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿದ ಬಳಿಕ ಗ್ರಾಮೀಣ ಪ್ರೌಢಶಾಲೆಗಳ ಅಂಗಳದಲ್ಲಿ ಸೈಕಲ್ಲುಗಳ ಸಂಖ್ಯೆ ಹೆಚ್ಚಿತು. ಸೂರಿಲ್ಲದ ಜಾಗದಲ್ಲಿ ಮಳೆಗಾಲವಿಡೀ ನೆನೆಯುವ ಸೈಕಲ್ಲಿನ ಬೇರಿಂಗುಗಳು ಒಂದೇ ವರ್ಷದಲ್ಲಿ ಕೆಡಬಹುದು. ತುಳಿಯಲು ಭಾರವಾದ ಸೈಕಲ್ಲನ್ನು ಮಕ್ಕಳು ಮೂಲೆಗೆ ಒರಗಿಸಿ ಮತ್ತೆ ನಡೆದೇ ಶಾಲೆಗೆ ಬರುತ್ತಾರೆ. ಎಂಟನೆಯ ತರಗತಿಯಲ್ಲಿ ದೊರೆತ ಸೈಕಲ್ಲು ಹತ್ತನೆಯ ತರಗತಿಯವರೆಗೆ ಬಾಳಬೇಕಾದರೆ ವರ್ಷಕ್ಕೆ ಎರಡು ಬಾರಿ ಗ್ರೀಸ್ ಬದಲಿಸುವುದು ಅಗತ್ಯ.

ಆಯ್ಕೆಯ ಮಾನದಂಡ

ಸಾಧಾರಣ 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 15 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 115 ಬಾರಿ ಮಾತ್ರ ತಿರುಗುತ್ತದೆ. ಇಷ್ಟು ನಿಧಾನವಾಗಿ ತಿರುಗುವ ಬೇರಿಂಗ್ ಬಿಸಿಯಾಗುವುದಿಲ್ಲ. ಆದ್ದರಿಂದ ಲಾರಿ ಮತ್ತು ಕಾರುಗಳಿಗಾಗಿ ತಯಾರಾದ, ಅತ್ಯುಷ್ಣತೆಯನ್ನು ತಾಳುವ ದುಬಾರಿ ಗ್ರೀಸಿನಿಂದ ಸೈಕಲ್ಲಿಗೆ ಹೆಚ್ಚಿನ ಪ್ರಯೋಜನವಿಲ್ಲ. ಸವಾರರಿಗೆ ನಿಜವಾಗಿ ಬೇಕಾದುದು ಇಷ್ಟು: ನೀರಿಗೆ ಕರಗದಿರುವುದು, ತುಕ್ಕನ್ನು ತಡೆಯುವುದು, ಅಂಟಿ ನಿಲ್ಲುವುದು.

ದಿನನಿತ್ಯದ ಬಳಕೆಗೆ 2 ಅಥವಾ 3ನೆಯ ದರ್ಜೆಯ ಲಿಥಿಯಂ ಗ್ರೀಸ್ ಸಾಕು. ಕಡಲತಡಿಯಲ್ಲಿ ವಾಸಿಸುವವರು ಮತ್ತು ಮಳೆಗಾಲದಲ್ಲಿ ತಪ್ಪದೆ ಸೈಕಲ್ ಬಳಸುವವರು ಮೆರೈನ್ ಗ್ರೀಸನ್ನು ಆರಿಸಿಕೊಳ್ಳಬಹುದು. ಗಂಗೊಳ್ಳಿ, ಮಲ್ಪೆಯಂತಹ ಮೀನುಗಾರಿಕಾ ಬಂದರುಗಳ ಸಮೀಪದ ಅಂಗಡಿಗಳಲ್ಲಿ ಇದನ್ನು ವಿಚಾರಿಸಬಹುದು. ಡಬ್ಬಿಯ ಮೇಲೆ ವಿವರಗಳಿಲ್ಲದ ಬಿಡಿ ಗ್ರೀಸನ್ನು ಕೊಳ್ಳಬೇಕಾಗಿ ಬಂದಲ್ಲಿ ಚಿಟಿಕೆಯಷ್ಟು ಗ್ರೀಸಿಗೆ ಎರಡು ಹನಿ ನೀರು ಸೇರಿಸಿ ಬೆರಳುಗಳ ನಡುವೆ ಉಜ್ಜಿ ನೋಡಬೇಕು. ನೀರು ಹನಿಗಳಾಗಿ ಬೇರೆಯೇ ಉಳಿದರೆ ಅದನ್ನು ಬಳಸಬಹುದು. ಹಾಲಿನಂತೆ ಬಿಳಿಚಿ ತೆಳ್ಳಗಾದರೆ ಬಿಡುವುದು ಲೇಸು.

ಗ್ರೀಸ್ ಹಾಕಬೇಕಾದ ಭಾಗಗಳು

ಹಬ್: ಚಕ್ರದ ನಡುವಿನ ಭಾಗ. ಇದರ ಎರಡೂ ಬದಿಯ ಕಪ್ಪುಗಳಲ್ಲಿ ಉಕ್ಕಿನ ಗುಂಡುಗಳಿದ್ದು, ಅವುಗಳನ್ನು ಕೋನ್ ಒತ್ತಿ ಹಿಡಿದಿರುತ್ತದೆ. ಸಾಮಾನ್ಯ ಸೈಕಲ್ಲುಗಳಲ್ಲಿ ಮುಂದಿನ ಹಬ್ಬಿಗೆ 3/16 ಇಂಚಿನ, ಹಿಂದಿನ ಹಬ್ಬಿಗೆ 1/4 ಇಂಚಿನ ಗುಂಡುಗಳನ್ನು ಬಳಸುತ್ತಾರೆ. ಗುಂಡುಗಳು ಹುದುಗುವಷ್ಟು ಗ್ರೀಸನ್ನು ಕಪ್ಪಿನಲ್ಲಿ ತುಂಬಬೇಕು.

ಬಾಟಮ್ ಬ್ರಾಕೆಟ್: ಪೆಡಲಿನ ಕ್ರ್ಯಾಂಕುಗಳು ತಿರುಗುವ ಅಚ್ಚಿನ ಭಾಗ. ಇದು ಚೌಕಟ್ಟಿನ ಅತ್ಯಂತ ತಳಗಿನ ಸ್ಥಳವಾದ್ದರಿಂದ ಸೀಟಿನ ಕೊಳವೆಯ ಮೂಲಕ ಇಳಿಯುವ ಮಳೆನೀರು ಇಲ್ಲಿಯೇ ಸಂಗ್ರಹವಾಗುತ್ತದೆ. ಗ್ರೀಸ್ ಮೊದಲು ಕೆಡುವುದೂ ಇಲ್ಲಿಯೇ.

ಹೆಡ್‌ಸೆಟ್: ಹ್ಯಾಂಡಲ್ ತಿರುಗುವ ಭಾಗ. ಇದರ ಕೆಳಗಿನ ಕಪ್ಪಿಗೆ ಮುಂದಿನ ಚಕ್ರವು ಚಿಮ್ಮಿಸುವ ಕೆಸರು ನೇರವಾಗಿ ತಾಗುತ್ತದೆ.

ಪೆಡಲಿನ ತಿರುಪು: ಗ್ರೀಸ್ ಹಚ್ಚದಿದ್ದರೆ ತುಕ್ಕು ಹಿಡಿದು ಬಿಚ್ಚಲು ಬಾರದಂತಾಗುತ್ತದೆ. ಎಡಗಡೆಯ ಪೆಡಲಿನದು ಎಡತಿರುಪು ಎಂಬುದನ್ನು ಗಮನದಲ್ಲಿಡಬೇಕು.

ಸೀಟ್ ಪೋಸ್ಟ್: ಉಕ್ಕಿನ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ಇದ್ದಲ್ಲಿ, ಉಪ್ಪಿನ ತೇವದಿಂದ ಎರಡು ಲೋಹಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಅವು ಬೆಸುಗೆ ಹಾಕಿದಂತೆ ಹಿಡಿದುಕೊಳ್ಳುತ್ತವೆ. ತೆಳುವಾದ ಗ್ರೀಸಿನ ಲೇಪ ಇದನ್ನು ತಡೆಯುತ್ತದೆ. ಕಾರ್ಬನ್ ನಾರಿನ ಪೋಸ್ಟಿಗೆ ಮಾತ್ರ ಗ್ರೀಸಿನ ಬದಲು ಅದಕ್ಕೆಂದೇ ಇರುವ ಪೇಸ್ಟನ್ನು ಬಳಸಬೇಕು.

ಗ್ರೀಸ್ ಹಾಕಬಾರದ ಭಾಗಗಳು

ಚೈನಿಗೆ ಗ್ರೀಸ್ ಬಳಿಯುವ ರೂಢಿ ಅನೇಕ ಕಡೆಗಳಲ್ಲಿದೆ. ಚೈನಿನ ಸವೆತ ನಡೆಯುವುದು ಅದರ ಒಳಗಿನ ಪಿನ್ನುಗಳಲ್ಲಿ. ಹೊರಗೆ ಬಳಿದ ಗ್ರೀಸ್ ಅಷ್ಟು ಒಳಕ್ಕೆ ಇಳಿಯುವುದಿಲ್ಲ. ಧೂಳು ಮತ್ತು ಮರಳನ್ನು ಹಿಡಿದಿಟ್ಟುಕೊಂಡು ಹಲ್ಲಿನ ಚಕ್ರವನ್ನೂ ಸವೆಸುತ್ತದೆ. ಚೈನಿಗೆ ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಹೊರಭಾಗವನ್ನು ಒರೆಸುವುದೇ ಸರಿಯಾದ ಕ್ರಮ.

ಫ್ರೀವೀಲಿನ ಒಳಗಿನ ಚಿಕ್ಕ ನಾಲಿಗೆಗಳು ಗಟ್ಟಿ ಗ್ರೀಸಿಗೆ ಅಂಟಿಕೊಂಡರೆ ಪೆಡಲ್ ತುಳಿದರೂ ಚಕ್ರ ಹಿಡಿಯದೆ ಜಾರಿ ಸವಾರರು ಬೀಳುವ ಸಂಭವವಿದೆ. ಅಲ್ಲಿಯೂ ಎಣ್ಣೆಯೇ ಸೂಕ್ತ. ರಿಮ್, ಬ್ರೇಕ್ ರಬ್ಬರ್ ಮತ್ತು ಡಿಸ್ಕ್‌ಗಳಿಗೆ ಜಿಡ್ಡು ಸೋಕಲೇಬಾರದು. ಮಳೆಯಲ್ಲಿ ಮೊದಲೇ ದುರ್ಬಲವಾಗುವ ಬ್ರೇಕು ಜಿಡ್ಡು ತಾಗಿದರೆ ಹಿಡಿಯುವುದೇ ಇಲ್ಲ.

ಬದಲಿಸುವ ಕ್ರಮ

ಶಾಲೆ ಆರಂಭವಾಗುವ ಮೊದಲು, ಮೇ ತಿಂಗಳ ಕೊನೆಯಲ್ಲಿ ಒಮ್ಮೆ ಮತ್ತು ಮಳೆ ನಿಂತ ಬಳಿಕ ಅಕ್ಟೋಬರ್ ತಿಂಗಳಿನಲ್ಲಿ ಇನ್ನೊಮ್ಮೆ ಗ್ರೀಸ್ ಬದಲಿಸುವುದು ಕರಾವಳಿಗೆ ಹೊಂದುವ ಕ್ರಮ. ಸೈಕಲ್ ಅಂಗಡಿಗಳಲ್ಲಿ ಈ ಪೂರ್ಣ ಬಿಚ್ಚಿ ಜೋಡಿಸುವ ಕೆಲಸವನ್ನು ಓವರ್‌ಹಾಲಿಂಗ್ ಎನ್ನುತ್ತಾರೆ.

1. ಅಚ್ಚನ್ನು ಬಿಚ್ಚಿ ಗುಂಡುಗಳನ್ನು ಎಣಿಸಿಟ್ಟುಕೊಳ್ಳುವುದು.
2. ಹಳೆಯ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಉಳಿದುದನ್ನು ಸ್ವಲ್ಪವೇ ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ತೊಳೆದು ಪೂರ್ತಿ ಒಣಗಿಸುವುದು.
3. ಗುಂಡು, ಕಪ್ ಮತ್ತು ಕೋನ್‌ಗಳಲ್ಲಿ ಗುಳಿ ಬಿದ್ದಿದ್ದರೆ ಅವುಗಳನ್ನು ಬದಲಿಸುವುದು. ಹೊಸ ಗ್ರೀಸ್ ಸವೆದ ಲೋಹವನ್ನು ಸರಿಪಡಿಸಲಾರದು.
4. ಕಪ್ಪಿನಲ್ಲಿ ಗ್ರೀಸ್ ತುಂಬಿ ಗುಂಡುಗಳನ್ನು ಕೂರಿಸುವುದು.
5. ಅಲುಗಾಟವಿಲ್ಲದೆ, ಬಿಗಿಯೂ ಆಗದಂತೆ ಕೋನನ್ನು ಹೊಂದಿಸಿ ನಟ್ಟನ್ನು ಭದ್ರಪಡಿಸುವುದು.

ಹೊರತೆಗೆದ ಗ್ರೀಸಿನ ಸ್ಥಿತಿ ಬೇರಿಂಗಿನ ಕಥೆಯನ್ನು ಹೇಳುತ್ತದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೂ, ಕಂದುಗೆಂಪಾಗಿದ್ದರೆ ತುಕ್ಕು ಆರಂಭವಾಗಿದೆ ಎಂದೂ, ಹೊಳೆಯುವ ಚೂರುಗಳಿದ್ದರೆ ಲೋಹ ಸವೆಯುತ್ತಿದೆ ಎಂದೂ ತಿಳಿಯಬೇಕು. ಮುಚ್ಚಿದ ಬೇರಿಂಗುಗಳಿರುವ ಹೊಸ ಮಾದರಿಯ ಸೈಕಲ್ಲುಗಳಲ್ಲಿ ಕೆಟ್ಟ ಬೇರಿಂಗನ್ನೇ ಬದಲಿಸುತ್ತಾರೆ. ಸೈಕಲ್ಲನ್ನು ರಭಸದ ನೀರಿನ ಪಂಪಿನಿಂದ ತೊಳೆಯಬಾರದು. ಆ ಒತ್ತಡಕ್ಕೆ ನೀರು ಬೇರಿಂಗಿನೊಳಗೆ ನುಗ್ಗುತ್ತದೆ.

ಬದಲಿ ಪದಾರ್ಥಗಳು

ಮನೆಯಲ್ಲಿ ಸುಲಭವಾಗಿ ಸಿಗುವ ತೆಂಗಿನೆಣ್ಣೆಯನ್ನು ಕೆಲವರು ಬಳಸುತ್ತಾರೆ. ಇದು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಕರಾವಳಿಯ ಸೆಕೆಯಲ್ಲಿ ಬೇರಿಂಗಿನಲ್ಲಿ ನಿಲ್ಲದು. ಕಾಲಕ್ರಮೇಣ ಕಮಟಾಗಿ ಆಮ್ಲಗಳನ್ನೂ ಉಂಟುಮಾಡುತ್ತದೆ. ಬೂತಾಯಿಯಂತಹ ಮೀನಿನ ಎಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುವುದರಿಂದ ಮರದ ದೋಣಿಗೆ ಬಳಿಯಲು ಯೋಗ್ಯ. ಅದೇ ಕಾರಣಕ್ಕಾಗಿ ಬೇರಿಂಗಿಗೆ ಅಯೋಗ್ಯ. ಬಳಸಿ ತೆಗೆದ ಎಂಜಿನ್ ಎಣ್ಣೆಯಲ್ಲಿ ಮಸಿ ಮತ್ತು ಲೋಹದ ಕಣಗಳಿರುತ್ತವೆ. ವ್ಯಾಸಲೀನನ್ನು ತಿರುಪುಗಳಿಗೆ ತಾತ್ಕಾಲಿಕವಾಗಿ ಹಚ್ಚಬಹುದು. ಸೀಮೆಎಣ್ಣೆ ತೊಳೆಯುವ ದ್ರವವೇ ಹೊರತು ಕೀಲೆಣ್ಣೆಯಲ್ಲ.

ಪರಿಸರ ಮತ್ತು ಸುರಕ್ಷತೆ

ಈ ಭಾಗದ ಬಹುತೇಕ ಮನೆಗಳು ಕುಡಿಯುವ ನೀರಿಗೆ ತೆರೆದ ಬಾವಿಯನ್ನು ಅವಲಂಬಿಸಿವೆ. ಮರಳು ಮತ್ತು ಮುರಕಲ್ಲಿನ ನೆಲದಲ್ಲಿ ಚೆಲ್ಲಿದ ಸೀಮೆಎಣ್ಣೆ ಬೇಗನೆ ಇಂಗಿ ಅಂತರ್ಜಲವನ್ನು ಸೇರಬಲ್ಲದು. ಆದ್ದರಿಂದ ಬೇರಿಂಗ್ ತೊಳೆಯುವ ಕೆಲಸವನ್ನು ಬಾವಿಯಿಂದ ದೂರದಲ್ಲಿ, ಅಗಲವಾದ ಪಾತ್ರೆಯೊಳಗೆ ಮಾಡಬೇಕು. ತೊಳೆದ ದ್ರವ ತಿಳಿಯಾದ ಮೇಲೆ ಅದನ್ನೇ ಮತ್ತೆ ಬಳಸಬಹುದು. ಜಿಡ್ಡಿನ ಬಟ್ಟೆಯನ್ನು ಒಲೆಗೆ ಹಾಕಬಾರದು, ತೋಡಿಗೂ ಎಸೆಯಬಾರದು. ಕೆಲಸ ಮುಗಿದ ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯುವುದು ಅವಶ್ಯ.

ಇವನ್ನೂ ನೋಡಿ

• ಘರ್ಷಣೆ
• ತುಕ್ಕು
• ಬೇರಿಂಗ್
• ಸೈಕಲ್
• ಹರಳೆಣ್ಣೆ
• ಕುಂದಾಪುರ