ಹೆಸರುಪುಸ್ತಕ: ಐರ್ಲೆಂಡಿನ ಊರ ಹೆಸರುಗಳು ನಕ್ಷೆಗೆ ಬಂದ ಬಗೆ
ಐರ್ಲೆಂಡಿನ ಭೂಮಾಪನಕ್ಕೆ ಮೂಲ ಕಾರಣ ತೆರಿಗೆಯ ತಕರಾರು. ಹಳೆಯ ಅಳತೆಗಳ ಮೇಲೆ ನಿಂತಿದ್ದ ಸ್ಥಳೀಯ ತೆರಿಗೆ ಒಂದೆಡೆ ಹಗುರವಾಗಿಯೂ ಇನ್ನೊಂದೆಡೆ ಹೊರೆಯಾಗಿಯೂ ಬೀಳುತ್ತಿದ್ದುದರಿಂದ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು 1824ರಲ್ಲಿ ಇಡೀ ದ್ವೀಪದ ಹೊಸ ಮಾಪನಕ್ಕೆ ಶಿಫಾರಸು ಮಾಡಿತು. ಸೇನೆಯ ಎಂಜಿನಿಯರ್ ಥಾಮಸ್ ಕೋಲ್ಬಿಯ ನೇತೃತ್ವದಲ್ಲಿ ಆರ್ಡ್ನೆನ್ಸ್ ಸರ್ವೆ ಎಂಬ ಸರ್ಕಾರಿ ಮಾಪನ ಸಂಸ್ಥೆ, ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ, ಆ ಕೆಲಸಕ್ಕೆ ಇಳಿಯಿತು. ತೆರಿಗೆಯ ಲೆಕ್ಕಕ್ಕೆ ಆಧಾರ 'ಟೌನ್‌ಲ್ಯಾಂಡ್'. ಹೆಸರಿನಲ್ಲಿ ಪಟ್ಟಣವಿದ್ದರೂ ಪಟ್ಟಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವು ಹೊಲ, ಹುಲ್ಲುಗಾವಲು, ಒಂದಷ್ಟು ಮನೆಗಳ ಈ ಸಣ್ಣ ಎಲ್ಲೆಗಳು ಹಲವು ಕೂಡಿದರೆ ಒಂದು ಪ್ಯಾರಿಷ್, ಅಂದರೆ ಮೊದಲು ಒಂದು ಚರ್ಚಿನ ವ್ಯಾಪ್ತಿಯಾಗಿದ್ದ ಆಡಳಿತ ಘಟಕ. ಇಂಥ ಟೌನ್‌ಲ್ಯಾಂಡ್‌ಗಳು ದೇಶದಲ್ಲಿ 60,000ಕ್ಕೂ ಹೆಚ್ಚು, ಅವುಗಳಲ್ಲಿ ಅನೇಕದ ಹೆಸರಿಗೆ ನಾಲ್ಕಾರು ಕಾಗುಣಿತ.

ಈ ಗೊಂದಲವನ್ನು ಬಿಡಿಸಲು ಪ್ಯಾರಿಷ್‌ವಾರು 'ಹೆಸರುಪುಸ್ತಕ'ಗಳನ್ನು ಇಟ್ಟರು. ಅವುಗಳ ಅಂಕಣಗಳಲ್ಲಿ ರೂಢಿಯ ಹೆಸರು, ಬೇರೆ ಬೇರೆ ಬರಹರೂಪಗಳು, ಪ್ರತಿ ರೂಪಕ್ಕೂ ಆಧಾರವಾದ ದಾಖಲೆ ಅಥವಾ ವ್ಯಕ್ತಿ, ಸ್ಥಳದ ನೆಲೆ ಮತ್ತು ವಿವರಣೆ ಇರುತ್ತಿದ್ದವು. ಡಬ್ಲಿನ್‌ನ ಕಚೇರಿ ನೋಡಿಕೊಳ್ಳುತ್ತಿದ್ದ ಥಾಮಸ್ ಲಾರ್ಕಮ್ ಸ್ವತಃ ಐರಿಷ್ ಕಲಿಯಲು ತೊಡಗಿದ. ಅವನಿಗೆ ಪಾಠ ಹೇಳಿದ ಜಾನ್ ಓಡೊನೊವನ್ ಎಂಬ ಯುವ ವಿದ್ವಾಂಸ 1830ರಲ್ಲಿ ಇಲಾಖೆಗೇ ಸೇರಿದ. ಅಲ್ಲಿಂದ ಮುಂದೆ ಓಡೊನೊವನ್ ಪ್ಯಾರಿಷ್‌ನಿಂದ ಪ್ಯಾರಿಷ್‌ಗೆ ತಿರುಗಿ, ಐರಿಷ್ ಮಾತಾಡುವ ಹಿರಿಯರ ಬಾಯಿಂದ ಹೆಸರಿನ ಉಚ್ಚಾರ ಕೇಳಿ, ಅದನ್ನು ಹಳೆಯ ಹಸ್ತಪ್ರತಿಗಳೊಂದಿಗೆ ತಾಳೆ ನೋಡಿದ. ಕಚೇರಿಯ ಕಡತ ಎಷ್ಟೇ ದಪ್ಪವಿದ್ದರೂ ಇದು ಅಲ್ಲಿ ಕೂತು ಮುಗಿಸುವ ಕೆಲಸವಾಗಿರಲಿಲ್ಲ. ಇಂಗ್ಲಿಷ್ ಬರಹದ 'ಕಿಲ್' ಎಂಬ ಪೂರ್ವಪದ ಚರ್ಚ್ ಎಂಬರ್ಥದ ಐರಿಷ್ ಪದದಿಂದಲೂ ಬಂದಿರಬಹುದು, ಕಾಡು ಎಂಬರ್ಥದ ಇನ್ನೊಂದರಿಂದಲೂ ಬಂದಿರಬಹುದು. ಯಾವುದೆಂದು ತೀರ್ಮಾನಿಸಲು ಊರಿನವರ ನಾಲಿಗೆಯೋ ಹಳೆಯ ಬರಹವೋ ಬೇಕಿತ್ತು.

ಮೂಲ ಐರಿಷ್ ರೂಪ ಇಷ್ಟು ಶ್ರಮದಿಂದ ತಿಳಿದ ಮೇಲೂ ನಕ್ಷೆಯಲ್ಲಿ ಅದನ್ನು ಅಚ್ಚು ಹಾಕಲಿಲ್ಲ. ಚಾಲ್ತಿಯಲ್ಲಿದ್ದ ಇಂಗ್ಲಿಷ್ ಕಾಗುಣಿತಗಳಲ್ಲಿ ಮೂಲಕ್ಕೆ ಹೆಚ್ಚು ಹತ್ತಿರವಾದುದನ್ನು ಆರಿಸುವುದು ಸಾಮಾನ್ಯ ನಿಯಮವಾಗಿತ್ತು. ಬ್ರಯನ್ ಫ್ರೀಲ್ 1980ರ ತನ್ನ 'ಟ್ರಾನ್ಸ್‌ಲೇಶನ್ಸ್' ನಾಟಕದಲ್ಲಿ ಸೈನಿಕರು ಊರುಗಳಿಗೆ ಹೊಸ ಹೆಸರಿಡುವ ಚಿತ್ರ ಕೊಟ್ಟಿದ್ದಾನೆ. ರಂಗದ ಮೇಲೆ ಅದು ಪರಿಣಾಮಕಾರಿ, ಆದರೆ ಬಹುಪಾಲು ಹೆಸರುಗಳು ಹದಿನೇಳನೆಯ ಶತಮಾನದ ಗುಮಾಸ್ತರ ಕೈಯಲ್ಲೇ ಇಂಗ್ಲಿಷ್ ವೇಷ ತೊಟ್ಟಿದ್ದವು. ಸರ್ವೆಯವರು ಮಾಡಿದ್ದು ಆ ವೇಷಗಳಲ್ಲಿ ಒಂದನ್ನು ಕಾಯಂಗೊಳಿಸಿದ್ದು, ಮತ್ತು ಅದು ಸಣ್ಣ ಅಧಿಕಾರವೇನಲ್ಲ.

ಸರ್ವೆಯಲ್ಲಿ ಇತಿಹಾಸ, ಭಾಷೆಗಳ ಅಧ್ಯಯನಕ್ಕೆಂದೇ ಇದ್ದ ವಿಭಾಗ 1842ರಲ್ಲಿ ಮುಚ್ಚಿತು. ಕೊನೆಯದಾದ ಕೆರಿ ಕೌಂಟಿಯ ನಕ್ಷೆ 1846ರಲ್ಲಿ ಹೊರಬಿದ್ದಾಗ ಆಲೂಗಡ್ಡೆ ಬೆಳೆಗೆ ಕೊಳೆರೋಗ ತಗುಲಿ ಮಹಾಕ್ಷಾಮ ಕಾಲಿಟ್ಟಿತ್ತು. ಅದಕ್ಕೆ ಹೆಚ್ಚು ಬಲಿಯಾದದ್ದು, ಹಡಗು ಹತ್ತಿ ಖಾಲಿಯಾದದ್ದು, ಆ ಹೆಸರುಗಳನ್ನು ಐರಿಷ್‌ನಲ್ಲೇ ಉಚ್ಚರಿಸುತ್ತಿದ್ದ ಪಶ್ಚಿಮದ ಹಳ್ಳಿಗಳು.